ನಕ್ಷತ್ರಕ್ಕೆ ಅಡ್ಡ ಬಂದವಳು

“ಏ, ಬೆಳಕಿಗೆ ಅಡ್ಡ ಬರಬ್ಯಾಡ!” ಶರಣು ಸಿಡುಕಿದ. ಚಹಾದ ಟ್ರೇ ಹಿಡಿದಿದ್ದ ಹೆಂಡತಿ ನೀಲಾಂಬಿಕಾ ಪ್ರೊಜೆಕ್ಟರಿನ ಮುಂದೆಯೇ ನಿಂತುಬಿಟ್ಟಳು. ಪಡಸಾಲೆಯ ಗೋಡೆಯ ಮೇಲೆ ಹೊಳೆಯುತ್ತಿದ್ದ ದೂರದ ನಕ್ಷತ್ರದ ಮೇಲೆ ಅವಳ ನೆರಳು ಬಿತ್ತು.

ಹಾನಗಲ್ಲಿನ ವಿಜ್ಞಾನಾಸಕ್ತ ಗೆಳೆಯರ ಬಳಗದಲ್ಲಿ ತಿಂಗಳಿಗೊಬ್ಬರ ಮನೆಯಲ್ಲಿ ಉಪನ್ಯಾಸ. ಮಾತು ಗಂಡನದು, ಚಹಾ ಮತ್ತು ಕುರುಕಲು ತಿಂಡಿಗೆ ಸವಣೂರು ಖಾರ ಹೆಂಡತಿಯದು. ನಮ್ಮ ಸೂರ್ಯನಂಥದೇ ಇನ್ನೊಂದು ನಕ್ಷತ್ರ, ಅದನ್ನು ಸುತ್ತುವ ಗ್ರಹಗಳು ಎಂಬ ಈ ಸಲದ ಉಪನ್ಯಾಸವನ್ನು ಪೂರ್ತಿ ಬರೆದುಕೊಟ್ಟವಳು, ಭೌತಶಾಸ್ತ್ರದಲ್ಲಿ ಎಂಎಸ್ಸಿ ಮಾಡಿ ಮನೆಯಲ್ಲಿದ್ದ ನೀಲಾಂಬಿಕಾ. ಶರಣು ಬಾಯಿಪಾಠ ಮಾಡಿದ್ದ. ಆದರೆ “ಕಣ್ಣಿಗೆ ಕಾಣದ ಗ್ರಹ ಅಲ್ಲಿ ಐತಿ ಅಂತ ಹೆಂಗ ಗೊತ್ತಾತೋ?” ಎಂದು ಹಿರಿಯರಾದ ಕರಬಸಪ್ಪ ಈಗಷ್ಟೇ ಕೇಳಿದ್ದರು. ಬಾಯಿಪಾಠದಲ್ಲಿ ಅದಿರಲಿಲ್ಲ; ಅವನು ಪ್ರೊಜೆಕ್ಟರನ್ನು ಅತ್ತಿತ್ತ ಸರಿಸುತ್ತಿದ್ದ.

“ಹಿಂಗ ನೋಡ್ರಿ ಕಾಕಾ,” ಎಂದಳು ನೀಲಾಂಬಿಕಾ, ಗೋಡೆಯ ಮೇಲಿನ ತನ್ನ ನೆರಳು ತೋರಿಸಿ. “ಗ್ರಹ ಅಡ್ಡ ಹಾದಾಗ ನಕ್ಷತ್ರದ ಬೆಳಕು ತುಸು ಕಡಿಮಿ ಆಗ್ತೈತಿ. ಅದರಿಂದ ಗೊತ್ತಾಗ್ತೈತಿ.”

ಕರಬಸಪ್ಪ ಚಪ್ಪಾಳೆ ತಟ್ಟಿದರು. “ಭೇಷ್ ಶರಣು! ಮನಿಯಾಕಿಗೂ ಎಷ್ಟ ಛಲೋ ಕಲಿಸೀಯಲ್ಲೋ!”

ಶರಣು ಹೊಗಳಿಕೆಗೆ ತಲೆಬಾಗಿದ. ನಕ್ಕು, “ಇನ್ನೊಮ್ಮೆ ಹಾದು ತೋರ್ಸು, ಮೆಲ್ಲಕ,” ಎಂದ. ಕಪ್ಪುಗಳು ಅಲುಗದಂತೆ ಟ್ರೇ ಹಿಡಿದು ಅವಳು ನಕ್ಷತ್ರದ ಮುಂದೆ ಮೆಲ್ಲಗೆ ನಡೆದಳು. ಅವನ ದನಿಗೆ ಮತ್ತೆ ಕಸುವು ಬಂತು: “ಗ್ರಹಕ್ಕ ಸ್ವಂತ ಬೆಳಕು ಇರೂದಿಲ್ಲ, ನೆನಪಿಡ್ರಿ.”

ಆ ಸಾಲನ್ನೂ ಬರೆದುಕೊಟ್ಟಿದ್ದವಳು ಅವಳೇ.