ಪರದೆಯ ಹಿಂದಿನ ಬೆಂಚುಗಳು

"ಬೇರೆ ಕಾಲೇಜಿಗೆ ಹೋಗ್ತಿದ್ದೀನಿ, ಮೇಡಂ," ಎಂದಳು ಹುಡುಗಿ. ತತ್ವಶಾಸ್ತ್ರದ ತರಗತಿಯಲ್ಲಿ ಉಳಿದಿದ್ದವಳು ಅವಳೊಬ್ಬಳೇ. ಮಿಕ್ಕವರೆಲ್ಲ ಒಬ್ಬೊಬ್ಬರಾಗಿ ಕಾಮರ್ಸಿಗೆ ಜಾರಿಕೊಂಡಿದ್ದರು.

ಮೇಡಂ ಡಸ್ಟರ್ ಕೆಳಗಿಟ್ಟರು. "ನಿಂಗೇ ಬೇಡ ಅನ್ನಿಸ್ತಾ?"

"ನಂಗಲ್ಲ, ನಮ್ಮತ್ತೆಗೆ. ಒಬ್ಳೇ ಕೂತು ಓದೋದು ಅದ್ಯಾವ ಸೀಮೆ ಓದು ಅಂತಾರೆ. ಸಾಕಿದೋರು ಅವರು, ಎದುರಾಡೋಕೆ ಆಗಲ್ಲ."

"ಒಬ್ಳೇ ಅಂತ ಯಾರು ಹೇಳಿದ್ದು?" ಮೇಡಂ ಹಿಂದಿನ ಖಾಲಿ ಬೆಂಚುಗಳ ಕಡೆ ನೋಡಿದರು. ಆ ನೋಟ ಕಂಡಾಗಲೆಲ್ಲ ಹುಡುಗಿಗೆ ಮೈ ಜುಮ್ಮೆನ್ನುತ್ತಿತ್ತು. ಪಾಠದ ನಡುವೆ ಮೇಡಂ ಅತ್ತ ಏನೋ ಪ್ರಶ್ನೆ ಕೇಳಿ, ತುಸು ಕಾದು, ಸರಿ ಎಂಬಂತೆ ತಲೆಯಾಡಿಸಿ ಮುಂದುವರಿಯುತ್ತಿದ್ದರು. ವಯಸ್ಸಾಯಿತಲ್ಲ, ಪಾಪ ಎಂದುಕೊಳ್ಳುತ್ತಿದ್ದಳು ಅವಳು.

"ಹೆಣ್ಮಕ್ಕಳನ್ನ ಮೊಟ್ಟಮೊದಲು ಸೇರಿಸ್ಕೊಂಡ ಕಾಲೇಜು ಇದು," ಎಂದರು ಮೇಡಂ. "ಅಗೋ ಅಲ್ಲಿ, ಪರದೆ ಕಟ್ಟಿ ಅದರ ಹಿಂದೆ ಕೂರಿಸ್ತಿದ್ರು. ಹೊರಗಿಂದ ಕಲ್ಲು ಬೀಳ್ತಿತ್ತು. ಒಬ್ಳೂ ಎದ್ದು ಹೋಗ್ಲಿಲ್ಲ. ಪಾಠ ಕೇಳೋಕೆ ಬಿಟ್ರು, ಪರೀಕ್ಷೆ ಬರೆಯೋಕೆ ಮಾತ್ರ ಬಿಡ್ಲೇ ಇಲ್ಲ. ಅವರ ಓದು ಇನ್ನೂ ಮುಗಿದಿಲ್ಲ, ಮಗು."

ಹುಡುಗಿ "ಬರ್ತೀನಿ, ಮೇಡಂ," ಎಂದು ಹೊರಬಿದ್ದಳು. ಪಡಸಾಲೆ ದಾಟುವಷ್ಟರಲ್ಲಿ ಬೋರ್ಡಿನ ಮೇಲೆ ಸೀಮೆಸುಣ್ಣ ಕಿರುಗುಟ್ಟಿತು. ಒಳಗೆ ಪಾಠ ಶುರುವಾಗಿತ್ತು. ಯಾರಿಗೆ?

ಹೊರಗೆ ನಡುಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತಿತ್ತು. ಅತ್ತೆ ಸ್ಕೂಟರಿನ ಮೇಲೆ ಕುಳಿತು ತರಗತಿಯ ದೊಡ್ಡ ಕಿಟಕಿಯನ್ನೇ ದಿಟ್ಟಿಸುತ್ತಿದ್ದರು. ಮುಖ ಗಂಟುಹಾಕಿಕೊಂಡಿತ್ತು.

"ನನ್ನ ಕಿವಿ ಮೇಲೇ ಹೂವಿಡ್ತೀಯೇನೇ? ಕ್ಲಾಸಲ್ಲಿ ನಾನೊಬ್ಳೇ ಅಂದ್ಯಲ್ಲ!"

"ಹೌದಲ್ಲ ಅತ್ತೆ, ಒಬ್ಳೇ."

"ನಂಗೇನು ಕಣ್ಣು ಕಾಣಲ್ವಾ? ಹಿಂದಿನ ಬೆಂಚು ತುಂಬ ಹುಡುಗೀರು! ಸೆರಗು ಹೊದ್ಕೊಂಡು, ಕತ್ತು ಬಗ್ಗಿಸ್ಕೊಂಡು ಎಷ್ಟು ಶಿಸ್ತಾಗಿ ಬರ್ಕೊಳ್ತಿದ್ದಾರೆ. ನೀನೂ ಇದ್ದೀಯ, ದಂಡಕ್ಕೆ!"

ಹುಡುಗಿಗೆ ತಿರುಗಿ ನೋಡುವ ಧೈರ್ಯ ಬರಲಿಲ್ಲ.

ಅತ್ತೆ ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ ಇಳಿದು, ಅವಳ ತೋಳು ಹಿಡಿದು ಕಾಲೇಜಿನ ಕಡೆಗೇ ತಿರುಗಿಸಿದರು. "ಅಷ್ಟು ಜನ ಓದೋವಾಗ ನಿಂಗೇನು ಬಂದಿದೆ ರೋಗ? ನಡಿ ಒಳಗೆ. ನೋಡಲ್ಲಿ, ಆ ಎರಡು ಜಡೆಯವಳು ನಿಂಗೆ ಅಂತ ಸರಿದು ಜಾಗ ಬಿಡ್ತಿದ್ದಾಳೆ."