ಹಗೇವಿಗೆ ಇಳಿದ ರಾಜಕುಮಾರಿ

ಕತೆ ಅರ್ಧಕ್ಕೆ ಬಂದರೂ ತಿಮ್ಮಕ್ಕ ಒಮ್ಮೆಯೂ ಹೂಂಗುಟ್ಟಲಿಲ್ಲ. ಬಸ್ತಿಹಳ್ಳಿಯ ಆ ಜಗಲಿಯಲ್ಲಿ ಕತೆ ಹೇಳುತ್ತಿದ್ದ ಅರ್ಲೆಟ್‌ಗೆ ಬೆವರೊಡೆಯಿತು. ಫ್ರಾನ್ಸಿನಲ್ಲಿ ಹನ್ನೊಂದು ಕಿನ್ನರಕತೆಯ ಪುಸ್ತಕ ಬರೆದವಳು ಅವಳು. ಈ ಮುದುಕಿಯ ಕತೆ ಕೇಳಲೆಂದೇ ಎರಡು ವರ್ಷ ಕನ್ನಡ ಕಲಿತು ಬಂದಿದ್ದಳು. ತಿಮ್ಮಕ್ಕ ಮಾತ್ರ, “ಮೊದ್ಲು ನಿಂದೊಂದು ಹೇಳವ್ವ. ಚೆಂದಾಗಿದ್ರೆ ನಂದು ಹೇಳ್ತೀನಿ,” ಎಂದು ಅವರೆಕಾಯಿ ಸುಲಿಯುತ್ತ ಕೂತುಬಿಟ್ಟಿದ್ದಳು.

“ರಾಕ್ಷಸಿ ಬಂದಳು. ರಾಜಕುಮಾರಿ ಓಡಿಹೋಗಿ...” ಅರ್ಲೆಟ್ ತಡವರಿಸಿದಳು. ಅವಳ ಪುಸ್ತಕದಲ್ಲಿ ರಾಜಕುಮಾರಿ ಅಡಗುವುದು ಬ್ರೆಡ್ ಸುಡುವ ಕಲ್ಲಿನ ಗೂಡಿನಲ್ಲಿ. ಅದನ್ನು ಕನ್ನಡದಲ್ಲಿ ಏನೆನ್ನಬೇಕೋ ಹೊಳೆಯಲಿಲ್ಲ. ಆಗ ಅವಳ ಕಣ್ಣು ಅಂಗಳದ ಚಪ್ಪಡಿಯ ಮೇಲೆ ಬಿತ್ತು. ಅದರಡಿ ಹಿಂದೆ ರಾಗಿ ತುಂಬಿಡುತ್ತಿದ್ದ ಆಳವಾದ ಹಗೇವು ಇದೆಯೆಂದು ತಿಮ್ಮಕ್ಕ ನಿನ್ನೆ ತಾನೇ ತೋರಿಸಿದ್ದಳು.

“ಓಡಿಹೋಗಿ ಹಗೇವಿಗೆ ಇಳಿದಳು! ಮೇಲೆ ಚಪ್ಪಡಿ ಎಳೆದುಕೊಂಡಳು. ರಾಕ್ಷಸಿ ಬಂದವಳೇ ಅದರ ಮೇಲೆ ಕೂತುಬಿಟ್ಟಳು!”

ತಿಮ್ಮಕ್ಕನ ಮಡಿಲಲ್ಲಿದ್ದ ಅವರೆಕಾಯಿ ಜಗಲಿ ತುಂಬ ಚೆಲ್ಲಿತು. “ಅಯ್ಯೋ, ಹಗೇವಲ್ಲಿ ಉಸ್ರು ಕಟ್ಟಿ ಸತ್ತೋಯ್ತದಲ್ಲೇ ಮಗ!” ಎಂದು ಅರ್ಲೆಟ್‌ಳ ಮೊಣಕೈ ಹಿಡಿದು ಅಲ್ಲಾಡಿಸಿದಳು. “ಆ ರಕ್ಕಸೀನ ಎಬ್ಸು! ಬೇಗ ಚಪ್ಪಡಿ ತೆಗ್ಸು!”

ಅರ್ಲೆಟ್‌ಗೆ ಖುಷಿಯಲ್ಲಿ ನಗು ಉಕ್ಕಿ ಬಂತು. ರಾಕ್ಷಸಿಯನ್ನು ಎಬ್ಬಿಸುವುದು ಹೇಗೆಂದು ಅವಳಿಗೂ ಗೊತ್ತಿರಲಿಲ್ಲ. “ನೀವೇ ಹೇಳಿ ತಿಮ್ಮಕ್ಕ, ಏನು ಮಾಡೋಣ?” ಎಂದಳು.

ತಿಮ್ಮಕ್ಕ ಅವಳ ಪಕ್ಕಕ್ಕೆ ಸರಿದು ಕೂತು, ದನಿ ತಗ್ಗಿಸಿ, ರಾಜಕುಮಾರಿಯ ಕತೆಯನ್ನು ತಾನೇ ಮುಂದಕ್ಕೆ ಹೇಳತೊಡಗಿದಳು.