ಕೈಗೆ ಸಿಕ್ಕ ಬಿಡುವು

"ಇನ್ನು ಮುಂದೆ ಪ್ರತಿ ಆಸ್ಪತ್ರೆಯಲ್ಲೂ ಸನ್ನೆ ಭಾಷೆ ಬಲ್ಲವರೊಬ್ಬರು ಇರಲೇಬೇಕು," ಎಂದು ನ್ಯಾಯಾಧೀಶರು ತೀರ್ಪು ಓದಿ ಮುಗಿಸಿದರು. ವಕೀಲೆಯ ಬೆರಳುಗಳು ಆ ಮಾತನ್ನು ಹಿಂದಿನ ಬೆಂಚುಗಳಿಗೆ ದಾಟಿಸಿದ್ದೇ ತಡ, ಕಿವಿ ಕೇಳದವರೆಲ್ಲ ಒಟ್ಟಿಗೆ ಎದ್ದು, ಎರಡೂ ಕೈಗಳನ್ನು ತಲೆಯ ಮೇಲೆತ್ತಿ ಅಲ್ಲಾಡಿಸತೊಡಗಿದರು. ಅವರೆಲ್ಲರ ಮುಂದೆ ಅವಳ ಅಪ್ಪ, ಅಳತೆ ಟೇಪನ್ನು ಕೊರಳಲ್ಲೇ ಮರೆತು ಬಂದ ದರ್ಜಿ.

"ಸೈಲೆನ್ಸ್! ಗಲಾಟೆ ಮಾಡ್ಬೇಡಿ!" ಎಂದು ಜವಾನ ಗುಡುಗಿದ.

"ಅಣ್ಣಾ, ಇಲ್ಲಿ ಗಲಾಟೆ ಮಾಡಿದ್ದು ನೀವೊಬ್ರೇ," ಎಂದಳು ವಕೀಲೆ. "ಅದು ಇವರ ಚಪ್ಪಾಳೆ."

ಏನು ಆಪರೇಷನ್ ಎಂದೇ ತಿಳಿಯದೆ, ಅಪ್ಪನಂತೆಯೇ ಕಿವಿ ಕೇಳದ ಅಮ್ಮ ಆಸ್ಪತ್ರೆಯಲ್ಲಿ ಹೆಬ್ಬೆಟ್ಟು ಒತ್ತಿದ ದಿನವೇ ಅವಳು ಲಾ ಕಾಲೇಜು ಸೇರುವ ಪಣ ತೊಟ್ಟಿದ್ದಳು. "ವಕೀಲರಿಗೆ ಬಾಯಿ ಮುಖ್ಯ ಕಣೇ, ಕೈಯಲ್ಲ," ಎಂದು ಅಲ್ಲಿ ನಕ್ಕಿದ್ದ ಗೆಳತಿಯರು ಈಗ ದೊಡ್ಡ ದೊಡ್ಡ ಕಂಪನಿಗಳ ವಕೀಲರು. ಅವಳು ಮಾತ್ರ ಬಾಯನ್ನು ನ್ಯಾಯಾಧೀಶರಿಗೂ ಕೈಗಳನ್ನು ಇವರಿಗೂ ಕೊಟ್ಟು ಕೋರ್ಟಿನಿಂದ ಕೋರ್ಟಿಗೆ ವಾದಿಸುತ್ತ ಬಂದಳು. ಆ ಕೈಗಳು ಯಾವಾಗಲೂ ಇನ್ನೊಬ್ಬರ ಮಾತನ್ನೇ ಹೊತ್ತಿರುತ್ತಿದ್ದವು.

"ಕೂತ್ಕೊಳ್ಳೋಕೆ ಹೇಳಿ," ಎಂದ ನ್ಯಾಯಾಧೀಶರು, ಅವಳ ಕೈ ಏಳುವಷ್ಟರಲ್ಲಿ ತಡೆದರು. "ಬೇಡ. ಹೇಗಂತ ತೋರಿಸಿ, ನಾನೇ ಹೇಳ್ತೀನಿ."

ಅವಳು ತೋರಿಸಿದಳು. ಅವರು ಪೆನ್ನು ಕೆಳಗಿಟ್ಟು, ತೊದಲುವ ಬೆರಳುಗಳಲ್ಲಿ ಅದನ್ನೇ ಹೇಳಿದರು. ಬೆಂಚಿನವರೆಲ್ಲ ಕೂತರು.

ನಡುವೆ ತನ್ನ ಅಗತ್ಯವೇ ಬೀಳದ ಆ ಗಳಿಗೆಯಲ್ಲಿ ವಕೀಲೆ ತನ್ನ ಖಾಲಿ ಕೈಗಳನ್ನು ನೋಡಿಕೊಂಡಳು. ಆಮೇಲೆ ಅಪ್ಪನ ಕಡೆ ತಿರುಗಿ, ಎರಡನ್ನೂ ತಲೆಯ ಮೇಲೆತ್ತಿ ಜೋರಾಗಿ ಅಲ್ಲಾಡಿಸಿದಳು.